ಅಪ್ಪನ ಎಲೆಗೆ ಗಾಳದ ಮುರು

ಅರಬರ ನಾಡಿನ ಫರ್ವಾನಿಯಾದ ನಮ್ಮ ಫ್ಲ್ಯಾಟಿನಲ್ಲಿ ಟಿ.ವಿ.ಯ ಪಕ್ಕ ಒಂದು ಪೆನ್ನಿನ ಡಬ್ಬಿ ಇದೆ. ಅದರಲ್ಲಿ ಬರೆಯದ ಪೆನ್ನುಗಳ ನಡುವೆ ಒಂದು ರಬ್ಬರ್ ಮೀನು ತಲೆಕೆಳಗಾಗಿ ನಿಂತಿದೆ. ಹೊಟ್ಟೆ ಗುಲಾಬಿ, ಬೆನ್ನು ಗಿಳಿಹಸಿರು, ಮೈತುಂಬ ಮಿಂಚಿನ ಪುಡಿ. ಊರಿನ ಮದುವೆಗಳಲ್ಲಿ ಆರ್ಕೆಸ್ಟ್ರಾ ಹಾಡುವವರ ಕೋಟಿಗೆ ಇಂಥ ಬಣ್ಣ ಇರುವುದನ್ನು ನೋಡಿದ್ದೇನೆ. ಮೀನಿಗೆ ಇರುವುದನ್ನು ನೋಡಿಲ್ಲ. ಬೆಳಿಗ್ಗೆ ಕಾಫಿ ಕುಡಿಯುವಾಗ ಕಣ್ಣು ಅದರ ಮೇಲೆ ಬಿದ್ದರೆ ಸಾಕು, ಆ ದಿನದ ಸಮಾಧಾನ ಅಲ್ಲಿಗೆ ಮುಗಿಯಿತು. ಬಿಸಾಡೋಣವೆಂದರೆ ಹೆಂಡತಿ ಶಾಲಿನಿ ಬಿಡುವುದಿಲ್ಲ. "ಅಷ್ಟು ದುಡ್ಡು ಕೊಟ್ಟು ತಂದದ್ದು, ಇರ್ಲಿ ಬಿಡಿ, ಚೆಂದ ಕಾಣ್ತದೆ" ಅನ್ನುತ್ತಾಳೆ.

ಮೀನು ಹಿಡಿಯಲು ಮೀನಿನ ಬೊಂಬೆ! ಇದಕ್ಕೆ ಲೂರ್ ಎಂದು ಹೆಸರು. ನೀವು ಮೀನು ತಿನ್ನದವರಾದರೆ ಈ ಅನ್ಯಾಯ ನಿಮಗೆ ಅಷ್ಟಾಗಿ ತಟ್ಟಲಿಕ್ಕಿಲ್ಲ. ಹಾಗಾದರೆ ಹೀಗೆ ಯೋಚಿಸಿ. ನಿಮ್ಮನ್ನು ಮದುವೆಗೆ ಕರೆದು, ಎಲೆ ಹಾಕಿ ಕೂರಿಸಿ, ಪ್ಲಾಸ್ಟಿಕ್ಕಿನ ಹೋಳಿಗೆ ಬಡಿಸಿ, ನೀವು ಬಾಯಿಗಿಟ್ಟ ಕೂಡಲೇ ತುಟಿಗೆ ಕೊಕ್ಕೆ ಸಿಕ್ಕಿಸಿ ಎಳೆದರೆ ಹೇಗಿರುತ್ತದೆ? ನಮ್ಮ ಅಪ್ಪ ಗಾಳಕ್ಕೆ ಜೀವಂತ ಸಿಗಡಿ ಚುಚ್ಚುತ್ತಿದ್ದರು. ಮೀನು ಹೇಗೂ ಸಾಯುತ್ತಿತ್ತು, ಆದರೆ ಸಾಯುವ ಮೊದಲು ಅದರ ಬಾಯಿಗೆ ಒಂದು ಒಳ್ಳೆಯ ತುತ್ತು ಬಿದ್ದಿರುತ್ತಿತ್ತು. ಮರ್ಯಾದೆ ಅಂದರೆ ಅದು.

ಈ ರಬ್ಬರ್ ಮೀನು ನಮ್ಮ ಮನೆಗೆ ಬಂದದ್ದೂ ಅಪ್ಪನ ಕಾರಣದಿಂದಲೇ. ಅಪ್ಪ ತೀರಿಕೊಂಡು ಎರಡು ವರ್ಷವಾಗುತ್ತ ಬಂತು. ಈ ಬೇಸಿಗೆಯಲ್ಲಿ ನನಗೆ ಊರಿಗೆ ಹೋಗಲು ರಜೆ ಸಿಗಲಿಲ್ಲ. ಕಂಪನಿಯಲ್ಲಿ ಲೆಕ್ಕಪತ್ರ ನೋಡುವವನಿಗೆ ಆಡಿಟ್ ಸಮಯದಲ್ಲಿ ರಜೆ ಕೇಳುವ ಹಕ್ಕಿಲ್ಲವೆಂದು ಮ್ಯಾನೇಜರ್ ಮುದ್ದಾದ ಇಂಗ್ಲಿಷಿನಲ್ಲಿ ಹೇಳಿದ. ಹಾಗಾಗಿ ಅಮ್ಮನನ್ನೇ ವಿಸಿಟ್ ವೀಸಾದಲ್ಲಿ ಕರೆಸಿಕೊಂಡೆವು. ಅಮ್ಮ ಬಂದಳು, ಬ್ಯಾಡಗಿ ಮೆಣಸು, ಹುಣಸೆ, ಕುಚ್ಚಲಕ್ಕಿ ಎಲ್ಲ ಬಂತು. ಅವುಗಳ ಹಿಂದೆಯೇ ಊರಿನ ಆಷಾಢ, ನಮ್ಮ ಆಟಿ ತಿಂಗಳೂ ಬಂತು.

ಆಟಿಯಲ್ಲಿ ನಮ್ಮ ತುಳುವರ ಮನೆಗಳಲ್ಲಿ ಸತ್ತವರಿಗೆ ಬಡಿಸುವ ಕ್ರಮ ಉಂಟು. ಬದುಕಿರುವಾಗ ಅವರಿಗೆ ಏನು ಇಷ್ಟವೋ ಅದನ್ನೆಲ್ಲ ಮಾಡಿ, ಬಾಳೆ ಎಲೆಯಲ್ಲಿ ಬಡಿಸಿ, ದೀಪ ಹಚ್ಚಿಟ್ಟು, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತೇವೆ. ಹೋದವರು ಬಂದು ನಿಧಾನವಾಗಿ ಉಣ್ಣಲಿ ಅಂತ. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ ನಾವು ಉಣ್ಣುವುದು. ಹೋದ ವರ್ಷ ಅಮ್ಮ ಊರಿನಲ್ಲೇ ಬಡಿಸಿದ್ದಳು. ಈ ವರ್ಷ ಇಲ್ಲಿ ಬಡಿಸುತ್ತೇನೆ ಅಂದಳು.

"ಊರಲ್ಲಿ ಕುಟುಂಬದ ಮನೆಯಲ್ಲಿ ಬಡಿಸ್ತಾರಲ್ಲಮ್ಮ" ಅಂದೆ.

"ಅಲ್ಲಿ ಎಲ್ಲ ಸತ್ತವರಿಗೂ ಸೇರಿಸಿ ಬಡಿಸುವುದು. ಅಜ್ಜಂದಿರು, ದೊಡ್ಡಪ್ಪಂದಿರು ಎಲ್ಲ ಕೂತ ಮೇಲೆ ಇವರಿಗೆ ಎಂತ ಸಿಗ್ತದೆ? ಬಾಲದ ತುಂಡು. ಮತ್ತೆ ಇವರು ಸುಮ್ಮನೆ ಕೂತು ಉಣ್ಣುವ ಜನವಾ? ಅಲ್ಲಿ ಗಲಾಟೆ ಮಾಡ್ತಾರೆ."

ಸರಿ, ಇಲ್ಲೇ ಬಡಿಸುವಾ ಎಂದೆ. ಆಗ ಅಮ್ಮ ಮೆಲ್ಲಗೆ, "ಮುರು ಬೇಕು ಮಗಾ. ಗಾಳದ್ದು" ಎಂದಳು.

ಮುರು ಅಂದರೆ ನಮ್ಮ ಕರಾವಳಿಯ ಕಲ್ಲಿನ ಸಂದಿಯಲ್ಲಿ ಕೂರುವ ದಪ್ಪ ತುಟಿಯ, ಸಿಡುಕು ಮುಖದ ಮೀನು. ಇಲ್ಲಿ ಅರಬರು ಅದರ ಬಳಗದ್ದನ್ನೇ ಹಾಮೂರ್ ಎಂದು ಕರೆದು ತಲೆ ಮೇಲೆ ಹೊತ್ತುಕೊಳ್ಳುತ್ತಾರೆ. ಮೀನು ಮಾರ್ಕೆಟ್ಟಿನಲ್ಲಿ ಐಸಿನ ಮೇಲೆ ಸಾಲಾಗಿ ಮಲಗಿರುತ್ತದೆ. ಎಷ್ಟು ದೊಡ್ಡದು ಬೇಕಾದರೂ ತರುತ್ತೇನೆ ಎಂದು ನಾನು ಎದೆ ಉಬ್ಬಿಸಿದೆ. ಅಮ್ಮ ಒಪ್ಪಲಿಲ್ಲ. "ಬಲೆಯಲ್ಲಿ ಉಸಿರುಕಟ್ಟಿ ಸತ್ತ ಮೀನನ್ನು ಅವರು ಮುಟ್ಟಿದ್ದುಂಟಾ? ಅವರಿಗೆ ಇಲ್ಲಿಗೆ ದಾರಿ ಗೊತ್ತಿಲ್ಲ. ಇಷ್ಟದ್ದು ಎಂತದಾದ್ರೂ ಇದ್ದರೆ ಬಂದಾರು. ಇಲ್ಲದಿದ್ರೆ ಇಷ್ಟು ದೂರ ಬರ್ಲಿಕ್ಕಿಲ್ಲ. ಬದುಕಿರುವಾಗಲೇ ಬರದವರು" ಎಂದು ಹೇಳಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅವಳಿಗಿದ್ದ ಭಯ ಅಷ್ಟೇ. ತಾನು ಎಲೆ ಹಾಕಿ ಕಾಯುವುದು, ಅಪ್ಪ ಬಾರದೆ ಇರುವುದು.

ಬದುಕಿರುವಾಗಲೇ ಬರದವರು. ಆ ಮಾತು ನನ್ನ ಹಳೆಯ ಗಾಯಕ್ಕೆ ಸರಿಯಾಗಿ ತಾಗಿತು. ವರ್ಷ ವರ್ಷ ಕರೆದಿದ್ದೇನೆ ನಾನು. ಒಮ್ಮೆ ವೀಸಾ ತೆಗೆದು, ಟಿಕೆಟ್ಟನ್ನೂ ಕಳಿಸಿದ್ದೆ. "ಹೊಳೆ ಇಲ್ಲದ ಊರಿಗೆ ಬಂದು ನಾನು ಎಂತ ಮಾಡ್ಲಿ?" ಎಂದು ಫೋನಿನಲ್ಲೇ ಗದರಿಸಿದರು. ಸಮುದ್ರ ಇದೆಯಪ್ಪ, ಎದುರಿಗೇ ಇದೆ ಎಂದರೆ, "ಅದು ಆಚೆ ಕಡೆಯ ಸಮುದ್ರ" ಎಂದರು. ಸಮುದ್ರಕ್ಕೆ ಆಚೆ ಕಡೆ ಈಚೆ ಕಡೆ ಇದೆಯೇ ಎಂದು ಆ ಮನುಷ್ಯನನ್ನು ಕೇಳುವವರು ಯಾರು! ಮಗ ಬಾಡಿಗೆ ಕಟ್ಟಿ ನಡೆಸುವ ಮನೆ ಹೇಗಿದೆ, ಮೊಮ್ಮಗಳು ಯಾವ ಕೋಣೆಯಲ್ಲಿ ಮಲಗುತ್ತಾಳೆ ಎಂದು ಒಂದು ಸಲವಾದರೂ ನೋಡಬೇಕೆಂದು ಅವರಿಗೆ ಅನ್ನಿಸಲಿಲ್ಲವೇ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಅನ್ನುತ್ತಾರೆ. ಹಾಗೆ ಅನ್ನುವವರು ನಮ್ಮ ಅಪ್ಪನ ಜೊತೆ ಒಂದು ವಾರ ಇರಬೇಕಿತ್ತು.

ಅಪ್ಪ ಖಾಸಗಿ ಬಸ್ಸುಗಳ ಟೈಮ್ ಕೀಪರ್ ಆಗಿದ್ದರು. ಬಸ್ ಸ್ಟ್ಯಾಂಡಿನ ಮೂಲೆಯ ಕಬ್ಬಿಣದ ಗೂಡಿನಲ್ಲಿ ಕೂತು, ಹೊತ್ತಾದರೆ ಎದ್ದು ಬಂದು, ಒಂದು ಕೈ ಸೊಂಟಕ್ಕಿಟ್ಟು, ಇನ್ನೊಂದರ ಬೆರಳು ಬಸ್ಸಿನ ಕಡೆ ನೆಟ್ಟು, ಡ್ರೈವರನ್ನು ಬೈದು ಹೊರಡಿಸುವುದು ಅವರ ಕೆಲಸ. ಬೈಯುವುದಕ್ಕೇ ಸಂಬಳ ಸಿಗುವ ಉದ್ಯೋಗ ಲೋಕದಲ್ಲಿ ಎಷ್ಟು ಜನರಿಗೆ ಸಿಗುತ್ತದೆ? ಅವರು ಅದನ್ನು ರಜೆಯ ದಿನವೂ ಸಂಬಳವಿಲ್ಲದೆ ಮಾಡುತ್ತಿದ್ದರು. ಭಾನುವಾರ ಅಳಿವೆಯ ಹತ್ತಿರದ ಕಲ್ಲುಗಳ ಮೇಲೆ ಕೈದಾರ ಹಿಡಿದು ಕೂತರೆ ಏಡಿಗೆ ಬೈಗುಳ, ಇಳಿತಕ್ಕೆ ಬೈಗುಳ, ಎದುರು ದಡದಲ್ಲಿ ಬಟ್ಟೆ ಒಗೆಯುವ ಸದ್ದಿಗೆ ಬೈಗುಳ. ಬ್ಯಾಟರಿಯ ಸೀಸ ಕರಗಿಸಿ ಮಾಡಿದ ಗುಂಡು, ಬೆರಳಿಗೆ ಒಂದು ಸುತ್ತು ದಾರ, ಗಾಳದ ತುದಿಗೆ ಬಾಲದ ಹತ್ತಿರ ಚುಚ್ಚಿದ ಸಿಗಡಿ. ಇಷ್ಟೇ ಅವರ ಸಾಮಾನು. ನಾನು ಪಕ್ಕದಲ್ಲಿ ಸಿಗಡಿಯ ಬಾಲ್ದಿ ಕಾಯುತ್ತ, ಉಸಿರು ಬಿಡಲೂ ಹೆದರಿ ಕೂತಿರುತ್ತಿದ್ದೆ.

ಮುರುವಿಗೆ ಒಂದು ಕೆಟ್ಟ ಬುದ್ಧಿ ಉಂಟು. ಗಾಳ ನುಂಗಿದ ಕೂಡಲೇ ಕಲ್ಲಿನ ಬಿಲಕ್ಕೆ ಹೊಕ್ಕು ಕಿವಿರು ಅಗಲಿಸಿ ಕೂತುಬಿಡುತ್ತದೆ. ಎಳೆದರೆ ದಾರವೇ ಹರಿಯುತ್ತದೆ. ಆಗ ಅಪ್ಪ ದಾರ ಸಡಿಲ ಬಿಟ್ಟು, ಬೀಡಿ ಹಚ್ಚಿ, ನೀರಿನೊಳಗಿನ ಮೀನಿಗೆ ಬೈಯಲು ಶುರು ಮಾಡುತ್ತಿದ್ದರು. ಅದರ ಕುಲಗೋತ್ರ, ಅದರ ಹೆಂಡತಿ ಮಕ್ಕಳು, ಅದರ ಸೋಮಾರಿತನ ಒಂದನ್ನೂ ಬಿಡುತ್ತಿರಲಿಲ್ಲ. ಎರಡನೇ ಬೀಡಿ ಮುಗಿಯುವ ಹೊತ್ತಿಗೆ ಮೀನು ಹೊರಗೆ ಬರುತ್ತಿತ್ತು. ದಾರ ಸಡಿಲವಾದದ್ದರಿಂದ ಬಂತೆಂದು ಈಗ ಗೊತ್ತು. ಬೈಗುಳ ತಡೆಯಲಾರದೆ ಬಂತೆಂದು ಅಮ್ಮ ಇಂದಿಗೂ ನಂಬಿದ್ದಾಳೆ.

ಇಂಥವರ ಮಗನಾದ ನನಗೆ ಮೀನು ಹಿಡಿಯಲು ಬರುವುದಿಲ್ಲ. ಬಾಲ್ದಿ ಕಾಯುವುದರಲ್ಲೇ ನನ್ನ ವಿದ್ಯಾಭ್ಯಾಸ ಮುಗಿದಿತ್ತು. ಹಾಗಾಗಿ ಶಾಲಿನಿಯ ತಮ್ಮ ಪ್ರಸಾದನ ಕಾಲು ಹಿಡಿಯಬೇಕಾಯಿತು. ಅವನು ಇಲ್ಲಿ ದೊಡ್ಡ ಹೋಟೆಲೊಂದರ ರಿಸೆಪ್ಶನ್ನಿನಲ್ಲಿದ್ದಾನೆ, ಹವಲ್ಲಿಯಲ್ಲಿ ವಾಸ. ಶುಕ್ರವಾರ ಬೆಳಿಗ್ಗೆ ಸಾಲ್ಮಿಯಾದ ಕಡಲ ದಂಡೆಯಲ್ಲಿ ಗಾಳದ ಕೋಲು ಹಿಡಿದು ನಿಲ್ಲುವುದು ಅವನ ವ್ರತ. ನಾನು ವಿಷಯ ಹೇಳಿದ ಕೂಡಲೇ ಅವನ ಕಣ್ಣು ಅರಳಿತು. "ಮುರುವಾ? ಡೋಂಟ್ ವರಿ ಭಾವ, ನಾನು ಹಿಡಿಸ್ತೇನೆ ನಿಮ್ಮಿಂದ" ಎಂದ. ನಾನು ಮಾರ್ಕೆಟ್ಟಿನಿಂದ ಎರೆಗೆಂದು ಸಿಗಡಿ ತರುತ್ತೇನೆ ಎಂದದ್ದಕ್ಕೆ, ಜಿರಳೆ ತರುತ್ತೇನೆ ಅಂದ ಹಾಗೆ ಮುಖ ಮಾಡಿದ.

"ಅದೆಲ್ಲ ಓಲ್ಡ್ ಸ್ಕೂಲ್ ಭಾವ. ಸಿಗಡಿ ಹಾಕಿದ್ರೆ ಯಾವ ಮೀನಾದ್ರೂ ಬರ್ತದೆ. ಅದರಲ್ಲಿ ನಿಮ್ಮ ಸ್ಕಿಲ್ ಎಂತ ಉಂಟು? ಲೂರ್‌ಗೆ ಜೀವ ಕೊಡುವವರು ನಾವು."

ಜೀವ ಕೊಡುವವನಂತೆ! ಬ್ರಹ್ಮ!

ಮರುದಿನ ಸಂಜೆ ಅವನು ನನ್ನನ್ನು ಗಾಳದ ಅಂಗಡಿಗೆ ಎಳೆದುಕೊಂಡು ಹೋದ. ಒಳಗೆ ಗೋಡೆ ತುಂಬ ಲೂರ್‌ಗಳು, ಬಳೆ ಅಂಗಡಿಯ ಹಾಗೆ. ಕುಣಿಯುವವು, ಮುಳುಗುವವು, ತೇಲುವವು, ಗುಳುಗುಳು ಸದ್ದು ಮಾಡುವವು, ಬೆಳ್ಳಿಯ ಸೌಟಿನಂಥವು, ಕಾಲೆಲ್ಲ ಅಲ್ಲಾಡುವ ರಬ್ಬರ್ ಏಡಿಗಳು. ನನಗೆ ಬೇಕಾದದ್ದು ಒಂದು ಮೀನು. ಅಲ್ಲಿ ಅಂಗಡಿಯವನೂ ಪ್ರಸಾದನೂ ಸೇರಿ ನನಗೆ ಹೆಣ್ಣು ನೋಡುವವರಂತೆ ಚರ್ಚೆಗೆ ಕೂತರು. ನೀರು ತಿಳಿಯಾಗಿದ್ದರೆ ತಿಳಿ ಬಣ್ಣ, ಕದಡಿದ್ದರೆ ಕಣ್ಣು ಕುಕ್ಕುವ ಬಣ್ಣ. ಸೆಳೆತ ಹೆಚ್ಚಿದ್ದರೆ ತಲೆಗೆ ಭಾರದ ಸೀಸ, ಇಲ್ಲದಿದ್ದರೆ ಹಗುರ. ದೊಡ್ಡ ಬಾಯಿಯ ಮೀನಾದ್ದರಿಂದ ಬೊಂಬೆಯೂ ದೊಡ್ಡದೇ ಇರಬೇಕು. ಬಾಲ ಅಗಲವಿದ್ದರೆ ನೀರಿನಲ್ಲಿ ನಡುಕ ಹುಟ್ಟುತ್ತದೆ, ಬಿಲದೊಳಗಿನ ಮುರುವಿಗೆ ಆ ನಡುಕ ಕೇಳಿಸುತ್ತದೆ.

"ಬಣ್ಣ ಗುಲಾಬಿ ಯಾಕೆ? ಗುಲಾಬಿ ಮೀನು ಎಲ್ಲಿ ಉಂಟು ಮಾರಾಯ?" ಎಂದು ಕೇಳಿದೆ.

"ಅದಕ್ಕೆ ಹಸಿವಿಗಿಂತ ಸಿಟ್ಟು ಬರಿಸ್ಬೇಕು ಭಾವ. ನನ್ನ ಜಾಗದಲ್ಲಿ ಇದು ಯಾವುದು ಅಂತ ಸಿಟ್ಟಿನಲ್ಲಿ ಬಂದು ಕಚ್ಚುತ್ತದೆ."

ಇದೊಂದು ಮಾತು ಮಾತ್ರ ನನಗೆ ಅರ್ಥವಾಯಿತು. ಆ ಬೊಂಬೆ ನೋಡಿ ನನಗೇ ಕಚ್ಚಬೇಕು ಅನ್ನಿಸಿತ್ತು. ಅದರ ಬೆಲೆ ಕೇಳಿದ ಮೇಲಂತೂ ಪ್ರಸಾದನನ್ನೇ ಕಚ್ಚಬೇಕು ಅನ್ನಿಸಿತು. ಅಷ್ಟು ದುಡ್ಡಿಗೆ ಅಪ್ಪ ಒಂದು ಮಳೆಗಾಲ ಪೂರ್ತಿ ಗಾಳ ಹಾಕುತ್ತಿದ್ದರು.

ಅಭ್ಯಾಸ ಮನೆಯಲ್ಲೇ ಶುರುವಾಯಿತು. ಪ್ರಸಾದ ನನ್ನನ್ನು ಹಾಲಿನಲ್ಲಿ ಸೋಫಾದ ಮೇಲೆ ನಿಲ್ಲಿಸಿ, ಕೋಲು ಕೊಟ್ಟು, ಕಾರ್ಪೆಟ್ಟನ್ನೇ ಕಡಲಿನ ತಳವೆಂದು ತಿಳಿಯಿರಿ ಎಂದ. ತಳ ಮುಟ್ಟಿಸಬೇಕು, ಮೊಣಕೈ ಎತ್ತರಕ್ಕೆ ಎತ್ತಬೇಕು, ಮತ್ತೆ ಬೀಳಲು ಬಿಡಬೇಕು. ಬೀಳುವಾಗಲೇ ಮುರು ಕಚ್ಚುವುದಂತೆ. ಆದ್ದರಿಂದ ಬೀಳುವಾಗ ದಾರ ಪೂರ್ತಿ ಸಡಿಲವಾಗಬಾರದು, ಬಿಗಿಯೂ ಆಗಬಾರದು. ಕಚ್ಚಿದ ಕೂಡಲೇ ಯೋಚನೆ ಮಾಡದೆ ಸುತ್ತಿ ಎಳೆಯಬೇಕು, ಬಿಲಕ್ಕೆ ಹೋಗಲು ಬಿಡಬಾರದು. ನಾನು ಎತ್ತಿದೆ, ಬಿಟ್ಟೆ, ಎತ್ತಿದೆ, ಬಿಟ್ಟೆ. ಒಂಬತ್ತು ವರ್ಷದ ಮಗಳು ಅನನ್ಯ ಸೋಫಾದ ಅಂಚಿನಲ್ಲಿ ಕೂತು, "ಪಪ್ಪಾ, ಇಟ್ ಲುಕ್ಸ್ ಡೆಡ್" ಎಂದಳು. ಅಮ್ಮ ಅಡುಗೆ ಮನೆಯ ಬಾಗಿಲಲ್ಲಿ ನಿಂತು ನೋಡಿ, "ನಿನ್ನ ಅಪ್ಪ ಇದ್ದಿದ್ರೆ ನಿಮ್ಮನ್ನು ಇಬ್ಬರನ್ನೂ ಬಾಲ್ಕನಿಯಿಂದ ಹೊರಗೆ ಹಾಕ್ತಿದ್ರು" ಎಂದು ಒಳಗೆ ಹೋದಳು.

ಮೊದಲ ಶುಕ್ರವಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳಕು ಹರಿಯುವಾಗಲೇ ಹೋಗಿದ್ದೆವು. ಆ ಹೊತ್ತಿಗೇ ಗಾಳಿ ಒದ್ದೆ ಕಂಬಳಿಯ ಹಾಗೆ ಮೈಗೆ ಸುತ್ತಿಕೊಂಡಿತ್ತು. ನಾನು ಹಿಡಿದದ್ದು ಇವು: ಒಂದು ಪ್ಲಾಸ್ಟಿಕ್ ಚೀಲ, ಪಕ್ಕದಲ್ಲಿ ನಿಂತಿದ್ದ ಬಂಗಾಳಿ ಭಾಯಿಯ ದಾರ, ಆಮೇಲೆ ನನ್ನದೇ ಟೋಪಿ. ಆ ಭಾಯಿ ಬಹಳ ಒಳ್ಳೆಯವನು, ಸಿಕ್ಕು ಬಿಡಿಸುತ್ತ ಬಿಡಿಸುತ್ತ ನಿಮ್ಮ ಊರು ಯಾವುದು ಎಂದು ಕೇಳಿದ. ಸಮುದ್ರದ ಬದಿ ಎಂದು ಹೇಳಲು ನನಗೆ ನಾಚಿಕೆಯಾಗಿ ಬೆಂಗಳೂರು ಎಂದೆ.

ಎರಡನೆಯ ಶುಕ್ರವಾರವೇ ಬಡಿಸುವ ದಿನ. ಅಮ್ಮ ಗುರುವಾರವೇ ಸಜ್ಜಾಗಿದ್ದಳು. ಅಬ್ಬಾಸಿಯಾದ ಅಂಗಡಿಯಿಂದ ಬಾಳೆ ಎಲೆ ಬಂದಿತ್ತು. ಕೋಳಿ ಬಂದಿತ್ತು, ಒಣ ರೊಟ್ಟಿ ಊರಿನಿಂದಲೇ ಬಂದಿತ್ತು. ಅಮ್ಮ ದನಿ ತಗ್ಗಿಸಿ, "ಅದು?" ಎಂದಳು. ಭಾನುವಾರ ಮೀನಿನ ಜೊತೆ ಅಪ್ಪನಿಗೆ ಒಂದು ಪೆಗ್ ಬೇಕಾಗುತ್ತಿತ್ತು. ಎಲೆಯ ಪಕ್ಕ ಅದನ್ನೂ ಇಡುವುದು ಕ್ರಮ. "ಅಮ್ಮಾ, ಅದು ಇಲ್ಲಿ ಸಿಗುವುದಿಲ್ಲ. ಅದು ಸಿಕ್ಕಿದರೆ ಮತ್ತೆ ನಾನು ಸಿಗುವುದಿಲ್ಲ" ಎಂದೆ. ಕೊನೆಗೆ ಜಮಿಯಾದಿಂದ, ಅಂದರೆ ನಮ್ಮ ಬಡಾವಣೆಯ ಸಹಕಾರಿ ಅಂಗಡಿಯಿಂದ, ಸೇಬಿನ ರುಚಿಯ ನಶೆಯಿಲ್ಲದ ಮಾಲ್ಟ್ ತಂದೆ. ಬಣ್ಣ ಮಾತ್ರ ಸರಿಯಾಗಿತ್ತು. ಅಪ್ಪ ಒಂದು ಗುಟುಕು ಕುಡಿದರೆ ಏನು ಹೇಳಿಯಾರು ಎಂದು ಯೋಚಿಸಿ ನನಗೆ ಬೆವರು ಬಂತು. ಹಠ ಹಿಡಿದು ಎರೆಯ ಸಿಗಡಿಯನ್ನೂ ತಂದಿಟ್ಟಿದ್ದೆ.

ಶುಕ್ರವಾರ ಬೆಳಿಗ್ಗೆ ಪ್ರಸಾದ ಐಸಿನ ಪೆಟ್ಟಿಗೆಯಲ್ಲಿದ್ದ ನನ್ನ ಸಿಗಡಿಯ ಪೊಟ್ಟಣವನ್ನು ಕಾರಿನಿಂದ ಇಳಿಸಲೂ ಬಿಡಲಿಲ್ಲ. ತನ್ನ ಕೋಲಿಗೆ ಆ ಗುಲಾಬಿ ಮೀನನ್ನೇ ಕಟ್ಟಿಕೊಂಡು, ನನಗೆ ಇನ್ನೊಂದು ಬೊಂಬೆ ಕೊಟ್ಟ. ನಾನು ಎತ್ತುತ್ತ ಬಿಡುತ್ತ ಒಂದು ಕಲ್ಲಿನ ಮೇಲೆ, ಅವನು ಎತ್ತುತ್ತ ಬಿಡುತ್ತ ಇನ್ನೊಂದು ಕಲ್ಲಿನ ಮೇಲೆ. ಸೂರ್ಯ ನೀರಿನಿಂದ ಎದ್ದು ಒಂದು ಆಳು ಮೇಲೆ ಬಂದಿದ್ದನೋ ಇಲ್ಲವೋ, ಪ್ರಸಾದನ ಕೋಲು ಬಿಲ್ಲಿನಂತೆ ಬಾಗಿತು. "ಭಾವಾ!" ಎಂದು ಕೂಗಿದ. ಗರಗರ ಸುತ್ತಿ ಎಳೆದ. ನಾನು ಕೈಬಲೆ ಹಿಡಿದು, ಪಾಚಿಯ ಮೇಲೆ ಜಾರಿ, ಮೊಣಕಾಲು ಕೆತ್ತಿಸಿಕೊಂಡು ಇಳಿದೆ. ನೀರಿನಿಂದ ಮೊದಲು ಕಂಡದ್ದು ಅಗಲ ಬಾಯಿ, ಆಮೇಲೆ ಕಂದು ಚುಕ್ಕೆಯ ಮೈ. ಮುರು! ನನ್ನ ಮೊಣಕೈಯಿಂದ ಬೆರಳ ತುದಿಯವರೆಗೆ ಉದ್ದ. ಅಪ್ಪ ಅಳಿವೆಯಲ್ಲಿ ಎತ್ತಿ ನನ್ನ ಬಾಲ್ದಿಗೆ ಹಾಕುತ್ತಿದ್ದ ಅದೇ ಸಿಡುಕು ಮುಖ. ಅಮ್ಮನಿಗೆ ಫೋನ್ ಮಾಡಲು ಕಿಸೆಗೆ ಕೈ ಹಾಕಿದೆ.

ಆ ಹೊತ್ತಿಗೆ ಪ್ರಸಾದ ಅದನ್ನು ಅಳತೆಪಟ್ಟಿಯ ಮೇಲೆ ಮಲಗಿಸಿ, ಎರಡು ಫೋಟೊ ತೆಗೆದು, ಎರಡೂ ಕೈಯಲ್ಲಿ ಎತ್ತಿಕೊಂಡು ನೀರಿಗೆ ಬಗ್ಗಿದ. ತೊಳೆಯುತ್ತಿದ್ದಾನೆ ಅಂದುಕೊಂಡೆ. ಅವನು ಕೈ ಬಿಡಿಸಿದ. ಹೋಟೆಲಿನಿಂದ ಹೊರಡುವ ಗಿರಾಕಿಗೆ ಹೇಳುವ ದನಿಯಲ್ಲಿ, "ಬೈ ಬೈ, ದೊಡ್ಡದಾಗಿ ಬಾ" ಎಂದ.

ಬಾಲ ಒಂದು ಸಲ ಬಡಿಯಿತು. ನೀರು ಖಾಲಿ.

"ಎಂತ ಮಾಡಿದೆ ಮಾರಾಯ ನೀನು?"

"ಅದು ಬೇಬಿ ಭಾವ. ನಮ್ಮ ಗ್ರೂಪಿನ ರೂಲ್ ಉಂಟು, ಸಣ್ಣದನ್ನು ಬಿಡ್ಬೇಕು. ಮುರು ಸಣ್ಣದಿರುವಾಗ ಎಲ್ಲ ಹೆಣ್ಣೇ, ದೊಡ್ಡದಾದ ಮೇಲೆ ಗಂಡಾಗುವುದು. ಈಗಲೇ ಹಿಡಿದ್ರೆ ಮುಂದೆ ಮರಿ ಎಲ್ಲಿಂದ? ಮತ್ತೆ ಮಾವನ ಎಲೆಗೆ ಇಷ್ಟು ಸಣ್ಣದನ್ನು ಹಾಕುವುದಾ? ಇರಿ, ಇನ್ನೊಂದು ಬರ್ತದೆ."

ಇನ್ನೊಂದು ಬರಲಿಲ್ಲ. ಬಿಸಿಲು ಏರಿತು, ಕಲ್ಲು ಕಾದ ಕಾವಲಿಯಾಯಿತು, ಎರಡು ಬಾಟಲಿ ನೀರು ಮುಗಿಯಿತು. ಬರಲಿಲ್ಲ. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಮಾತೇ ಹೊರಡಲಿಲ್ಲ. ದಾರಿಯುದ್ದಕ್ಕೂ ಪ್ರಸಾದ ಏಳೆಂಟು ಸಲ ಸಾರಿ ಅಂದ. ಸ್ನಾನ ಮಾಡಿ ಮಧ್ಯಾಹ್ನ ಊಟಕ್ಕೆ ಬರುತ್ತೇನೆ ಎಂದು ನನ್ನನ್ನು ಮನೆಯ ಕೆಳಗೆ ಇಳಿಸಿ ಹೋದ. ಹೆಗಲ ಚೀಲದಲ್ಲಿ ಆ ಗುಲಾಬಿ ಮೀನು, ಕೈಯಲ್ಲಿ ಸಿಗಡಿಯ ಪೊಟ್ಟಣ. ಹೀಗೆ ನಾನು ಲಿಫ್ಟ್ ಹತ್ತಿದೆ.

ಅಮ್ಮ ನನ್ನ ಮುಖ ನೋಡಿದಳು. ನಾನೇ ನಡೆದದ್ದು ಹೇಳಿದೆ. ಅವಳು ನನ್ನ ಕೈಯಿಂದ ಪೊಟ್ಟಣ ತೆಗೆದುಕೊಂಡು ಸಿಗಡಿಯ ಸಿಪ್ಪೆ ಬಿಡಿಸಲು ಕೂತಳು. "ಇದನ್ನು ಮುರು ತಿಂತದೆ, ಮುರುವನ್ನು ಅವರು ತಿಂತಾರೆ. ನಡುವಿನದ್ದು ಒಂದು ಬಿಟ್ಟುಹೋಯ್ತು, ಅಷ್ಟೇ ಅಲ್ವಾ" ಎಂದಳು. ನಗಿಸಲೆಂದೇ ಹೇಳಿದ್ದು. ಆದರೆ ಅವಳ ಕೈ ನಿಧಾನವಾಗಿತ್ತು. ತೆಂಗಿನಕಾಯಿ ಹುರಿಯುವಾಗ, "ಬರ್ಲಿಕ್ಕಿಲ್ಲ" ಎಂದು ತನಗೆ ತಾನೇ ಹೇಳಿಕೊಂಡದ್ದು ನನಗೆ ಕೇಳಿಸಿತು.

ಹಾಲಿನ ಮೂಲೆಯಲ್ಲಿ ಎಲೆ ಹಾಕಿ, ಕೋಳಿ, ರೊಟ್ಟಿ, ಅನ್ನ, ಸಿಗಡಿ ಸುಕ್ಕ ಎಲ್ಲ ಬಡಿಸಿ, ಪಕ್ಕದಲ್ಲಿ ಆ ಸೇಬಿನ ಮಾಲ್ಟ್ ಇಟ್ಟು, ದೀಪ ಹಚ್ಚಿ ನಾವು ನಾಲ್ವರೂ ಕಾರಿಡಾರಿಗೆ ಬಂದು ಬಾಗಿಲು ಎಳೆದುಕೊಂಡೆವು. ಊರಿನಲ್ಲಾದರೆ ಅಂಗಳ ಉಂಟು, ತೆಂಗಿನ ಕಟ್ಟೆ ಉಂಟು. ಇಲ್ಲಿ ಲಿಫ್ಟಿನ ಎದುರು, ಯಾರೋ ಹೊರಗಿಟ್ಟ ಹಳೆಯ ಹಾಸಿಗೆಯ ಪಕ್ಕ, ಮಡಿ ಸೀರೆ ಉಟ್ಟ ಅಮ್ಮ. ಅನನ್ಯ ಬಾಗಿಲಿನ ಕಡೆ ನೋಡಿ, "ಪಪ್ಪಾ, ಹೌ ಲಾಂಗ್ ವಿಲ್ ಹೀ ಟೇಕ್?" ಎಂದು ಪಿಸುಗುಟ್ಟಿದಳು.

ಜುಮ್ಮಾ ನಮಾಜು ಮುಗಿಸಿ ಬಂದ ಎದುರು ಮನೆಯ ಈಜಿಪ್ಟಿನ ಮೇಷ್ಟ್ರು ನಮ್ಮನ್ನು ನೋಡಿ ನಿಂತರು. ಕೀಲಿಕೈ ಒಳಗೆ ಉಳಿಯಿತೇ, ಕಟ್ಟಡ ಕಾಯುವ ಹಾರಿಸನನ್ನು ಕರೆಯಲೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಬಿಸಿಲಿನಲ್ಲಿ ತಲೆ ಕಾದಿದ್ದ ನಾನು, ಸುತ್ತಿಬಳಸಿ ಹೇಳುವ ತಾಳ್ಮೆ ಇಲ್ಲದೆ, "ಬೇಡ, ಒಳಗೆ ನಮ್ಮ ತಂದೆ ಊಟ ಮಾಡುತ್ತಿದ್ದಾರೆ" ಎಂದುಬಿಟ್ಟೆ.

"ಮಾಶಾಅಲ್ಲಾ! ತಂದೆ ಯಾವಾಗ ಬಂದರು?" ಎಂದು ಮೇಷ್ಟ್ರ ಮುಖ ಅರಳಿತು. ನಮಸ್ಕಾರ ತಿಳಿಸಿ ಎಂದು ಎದೆಯ ಮೇಲೆ ಕೈಯಿಟ್ಟು ಅವರು ತಮ್ಮ ಮನೆಯೊಳಗೆ ಹೋದರು.

"ಎಂತ ಕೇಳಿದ್ರು ಅವರು?" ಎಂದಳು ಅಮ್ಮ.

"ಅಪ್ಪ ಯಾವಾಗ ಬಂದ್ರು ಅಂತ."

ಅಮ್ಮ ಮುಚ್ಚಿದ ಬಾಗಿಲನ್ನೇ ನೋಡಿದಳು. ಅದೇ ಹೊತ್ತಿಗೆ ಲಿಫ್ಟ್ ತೆರೆದು ಪ್ರಸಾದ ಹೊರಗೆ ಬಂದ. ಸ್ನಾನ ಮಾಡಿ, ಸೆಂಟು ಹಾಕಿ, ಕೈಯಲ್ಲಿ ಫೋನ್ ಹಿಡಿದು. "ಅಮ್ಮಾ, ಬೇಜಾರು ಮಾಡ್ಬೇಡಿ, ಮುರುವನ್ನು ಒಮ್ಮೆ ನೋಡಿಯಾದ್ರೂ ನೋಡಿ. ಗ್ರೂಪಿನಲ್ಲಿ ಎಲ್ಲರೂ ಲೈಕ್ ಕೊಟ್ಟಿದ್ದಾರೆ" ಎಂದು ಫೋಟೊ ತೋರಿಸಿದ.

ಬೆಳಗಿನಿಂದ ಗಂಟಲಲ್ಲಿ ಕೂತಿದ್ದದ್ದು ಆಗ ಹೊರಗೆ ಬಂತು.

"ಲೈಕಾ? ಲೈಕನ್ನು ಎಲೆಗೆ ಬಡಿಸುವುದಾ? ಹಿಡಿಯುವುದು ಯಾಕೆ, ಬಿಡುವುದು ಯಾಕೆ? ಬಿಡುವುದಾದ್ರೆ ಅದನ್ನು ಅದರ ಮನೆಯಲ್ಲಿ ನೆಮ್ಮದಿಯಾಗಿ ಇರ್ಲಿಕ್ಕೆ ಬಿಡ್ಬಾರ್ದಿತ್ತಾ? ಅದರ ಬಾಯಿಗೆ ಒಂದು ತುಂಡು ಸಿಗಡಿಯೂ ಇಲ್ಲ, ನಮ್ಮ ಬಾಯಿಗೆ ಅದೂ ಇಲ್ಲ, ಎಂಥ ವ್ಯಾಪಾರ ಮಾರಾಯ ಇದು? ಹೆಣ್ಣಂತೆ, ಗಂಡಂತೆ! ನಮ್ಮ ಅಪ್ಪ ಏನು ಜಾತಕ ನೋಡಿ ಮೀನು ತಿಂತಿದ್ರಾ?" ಶಾಲಿನಿ ನನ್ನ ಅಂಗಿ ಜಗ್ಗಿದಳು. ನಾನು ನಿಲ್ಲಿಸಲಿಲ್ಲ. ಲಿಫ್ಟಿಗೆ ಬೈದೆ, ಬಿಸಿಲಿಗೆ ಬೈದೆ, ರಜೆ ಕೊಡದ ಮ್ಯಾನೇಜರಿಗೆ ಬೈದೆ, ಸೇಬಿನ ಮಾಲ್ಟಿಗೆ ಬೈದೆ. ಬೈಯುತ್ತ ಬೈಯುತ್ತ ಎಲ್ಲಿಗೆ ಬಂದೆ ಎಂದು ನನಗೇ ತಿಳಿಯಲಿಲ್ಲ. "ಮತ್ತೆ ಇವರದ್ದೊಂದು! ಬದುಕಿರುವಾಗ ಟಿಕೆಟ್ ಕಳಿಸಿದ್ರೆ ಬರ್ಲಿಲ್ಲ. ವೀಸಾ ಮಾಡಿಸಿದ್ರೆ ಬರ್ಲಿಲ್ಲ. ಮಗ ಸತ್ತನಾ ಇದ್ದಾನಾ ಅಂತ ಒಂದು ಸಲ ಬಂದು ನೋಡ್ಲಿಲ್ಲ. ಈಗ ಮುರು ಬೇಕಂತೆ! ಗಾಳದ್ದೇ ಆಗ್ಬೇಕಂತೆ! ಕೋಳಿ ಉಂಟು, ರೊಟ್ಟಿ ಉಂಟು, ಬಂದು ತಿಂದ್ರೆ ಇವರ ಗಂಟೆಂತ ಹೋಗ್ತದೆ?"

ಉಸಿರು ಮುಗಿದು ನಿಂತೆ. ನನ್ನ ಒಂದು ಕೈ ಸೊಂಟದ ಮೇಲಿತ್ತು, ಇನ್ನೊಂದು ಕೈಯ ಬೆರಳು ಲಿಫ್ಟಿನ ಕಡೆ ನೆಟ್ಟಿತ್ತು. ಕಾರಿಡಾರಿನಲ್ಲಿ ಎರಡು ಬಾಗಿಲು ತೆರೆದು ಮುಚ್ಚಿದವು. ಪ್ರಸಾದ ಫೋನನ್ನು ಕಿಸೆಗೆ ಹಾಕಿಕೊಂಡು ತಲೆ ತಗ್ಗಿಸಿದ್ದ. ಅನನ್ಯ ಅಜ್ಜಿಯ ಹಿಂದೆ ಅಡಗಿದ್ದಳು.

ಅಮ್ಮ ನನ್ನನ್ನೇ ನೋಡುತ್ತಿದ್ದಳು. ಕೈ ನೋಡಿದಳು, ಬೆರಳು ನೋಡಿದಳು, ಮುಖ ನೋಡಿದಳು. ಅವಳ ಕಣ್ಣು ತುಂಬಿತ್ತು, ಬಾಯಿ ಮಾತ್ರ ನಗುತ್ತಿತ್ತು.

"ಶಾಲಿನೀ, ಬಾಗಿಲು ತೆಗಿ" ಎಂದಳು. "ಒಳಗೆ ಯಾರೂ ಇಲ್ಲ. ಅವರು ಆಗಿನಿಂದ ಇಲ್ಲೇ ಹೊರಗೆ ನಿಂತು ಬೈತಾ ಇದ್ದಾರೆ."

ಶಾಲಿನಿ ಬಾಗಿಲು ತಟ್ಟಿ ತೆರೆದಳು. ಅಮ್ಮ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಅಪ್ಪನಿಗೆ ಬಡಿಸಿದ ಎಲೆಯ ಮುಂದೆಯೇ ನನ್ನನ್ನು ಕೂರಿಸಿದಳು. ನಾನು ತಲೆ ಎತ್ತದೆ ಉಂಡೆ. ಸಿಗಡಿ ಮುಗಿದ ಕೂಡಲೇ ಅವಳು ಮತ್ತೊಂದು ಸೌಟು ತಂದು ಹಾಕಿದಳು.

"ಉಣ್ಣಲಿ" ಎಂದಳು, "ದೂರದಿಂದ ಬಂದದ್ದು."